ಏಳನೆಯ ಪುಟದಲ್ಲಿ ಬಂದ ತಮ್ಮ

ಓದುಗರೊಬ್ಬರು ಏಳು ಪುಟಗಳ ಪತ್ರ ಬರೆದಿದ್ದಾರೆ. ಹೆಸರು ಹಾಕುವುದು ಬೇಡ ಎಂದಿದ್ದಾರೆ. ಅವರ ಒಪ್ಪಿಗೆ ಪಡೆದು ಸಾರಾಂಶವನ್ನಷ್ಟೇ ಇಲ್ಲಿ ಕೊಡುತ್ತಿದ್ದೇನೆ:

“ತಂದೆ ತೀರಿಕೊಂಡಾಗ ನನಗೆ ಹತ್ತೊಂಬತ್ತು ವರ್ಷ. ಓದು ಬಿಟ್ಟು ಕೆಲಸಕ್ಕೆ ಸೇರಿದೆ. ತಮ್ಮನನ್ನು ಓದಿಸಿದೆ, ತಂಗಿಯ ಮದುವೆ ಮಾಡಿದೆ. ತಮ್ಮ ದೊಡ್ಡ ಹುದ್ದೆಗೆ ಹೋದ. ತಾಯಿ ಹಾಸಿಗೆ ಹಿಡಿದಿದ್ದಾಗ ಆಕೆಯಿಂದ ಸಹಿ ಹಾಕಿಸಿಕೊಂಡು ಮನೆಯನ್ನು ತನ್ನ ಹೆಸರಿಗೆ ಮಾಡಿಕೊಂಡ. ಹನ್ನೊಂದು ವರ್ಷಗಳಿಂದ ಮಾತಿಲ್ಲ. ಈಗ ಅವನಿಗೆ ಕಾಯಿಲೆ. ಕಳೆದ ತಿಂಗಳು ಅವನ ಮಗಳು ಫೋನ್ ಮಾಡಿ ‘ದೊಡ್ಡಪ್ಪ, ಅಪ್ಪನ ಹತ್ತಿರ ಒಂದು ಸಲ ಮಾತನಾಡಿ’ ಎಂದಳು. ನಾನು ಉತ್ತರ ಕೊಡದೆ ಫೋನ್ ಇಟ್ಟೆ. ನನಗೀಗ ಅರವತ್ತೆರಡು. ಕ್ಷಮಿಸಿಬಿಡಿ ಎಂದು ಎಲ್ಲರೂ ಹೇಳುತ್ತಾರೆ. ಕ್ಷಮಿಸಿದರೆ ಅವನು ಮಾಡಿದ್ದು ಸರಿ ಎಂದಾಗುವುದಿಲ್ಲವೇ? ನನ್ನ ತ್ಯಾಗಕ್ಕೆ ಏನು ಅರ್ಥ ಉಳಿಯಿತು? ನನ್ನ ಬದುಕಿಗೇ ಏನು ಅರ್ಥ?”

ಹಿರಿಯರೇ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಬರೆದದ್ದರ ಜೊತೆಗೆ ಹೊಡೆದು ಹಾಕಿದ್ದನ್ನೂ ಓದುವುದು ನನ್ನ ವೃತ್ತಿ ಕಲಿಸಿದ ಅಭ್ಯಾಸ. ಮೊದಲ ಆರು ಪುಟಗಳಲ್ಲಿ ನೀವು ಅವರನ್ನು ‘ಆ ಮನುಷ್ಯ’ ಎಂದೇ ಕರೆದಿದ್ದೀರಿ. ಏಳನೆಯ ಪುಟದಲ್ಲಿ, ಸೈಕಲ್ ಕಲಿಸುವಾಗ ಬಿದ್ದು ಮೊಣಕಾಲು ಒಡೆದುಕೊಂಡ ಹುಡುಗನ ಮಾತು ಬರುವ ಕಡೆ, ‘ನನ್ನ ತಮ್ಮ’ ಎಂದು ಬರೆದು, ಆಮೇಲೆ ‘ನನ್ನ’ ಎಂಬುದನ್ನು ಮಾತ್ರ ಗೀಟೆಳೆದು ಹೊಡೆದಿದ್ದೀರಿ. ‘ತಮ್ಮ’ ಹಾಗೆಯೇ ಉಳಿದಿದೆ. ಈ ಉತ್ತರವನ್ನು ಆ ಒಂದು ಪದವನ್ನು ಎದುರಿಗಿಟ್ಟುಕೊಂಡು ಬರೆಯುತ್ತಿದ್ದೇನೆ.

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಸರಳ. ಕ್ಷಮಿಸಿದರೆ ತಪ್ಪು ಸರಿಯಾಗುವುದಿಲ್ಲ. ತಪ್ಪಾಗಿರುವುದರಿಂದಲೇ ಕ್ಷಮೆಯ ಮಾತು ಬರುತ್ತದೆ. ಸರಿಯಾದದ್ದನ್ನು ಯಾರೂ ಕ್ಷಮಿಸಬೇಕಾಗಿಲ್ಲ. ಕಾಯಿಲೆಯ ತಾಯಿಯ ಕೈಯಿಂದ ಸಹಿ ಹಾಕಿಸಿಕೊಂಡದ್ದು ಅನ್ಯಾಯ. ನೀವು ಕ್ಷಮಿಸಿದ ಮರುದಿನವೂ ಅದು ಅನ್ಯಾಯವೇ. ಮನೆಯ ಹಕ್ಕಿನ ವಿಚಾರವನ್ನು ವಕೀಲರ ಬಳಿ ಕೇಳಬೇಕೆನ್ನಿಸಿದರೆ ಕೇಳಿ. ಕ್ಷಮೆ ಅದಕ್ಕೆ ಅಡ್ಡ ಬರುವುದಿಲ್ಲ. ‘ಎಲ್ಲ ಮರೆತುಬಿಡಿ’ ಎಂದು ನಿಮಗೆ ಹೇಳುವವರ ಮೇಲೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ನೋವು ತಿಂದವರ ಬಾಯಿ ಮುಚ್ಚಿಸಿ ತಮ್ಮ ನೆಮ್ಮದಿ ಕಾಯ್ದುಕೊಳ್ಳುವ ಮಾತು ಅದು. ನಮ್ಮ ನುಡಿಯಲ್ಲಿ ‘ಕ್ಷಮೆ’ ಎಂಬ ಪದದ ಮೂಲದಲ್ಲಿರುವುದು ತಾಳಿಕೊಳ್ಳುವುದು, ಹೊರುವುದು. ಭೂಮಿಗೂ ಅದೇ ಹೆಸರು. ಹೊರುವವರಿಗೆ ಭಾರ ಎಷ್ಟೆಂದು ಗೊತ್ತಿರುತ್ತದೆ, ಮರೆತವರಿಗೆ ಗೊತ್ತಿರುವುದಿಲ್ಲ.

ಇಡೀ ದೇಶವೊಂದು ಇದೇ ಪ್ರಶ್ನೆಯ ಎದುರು ನಿಂತದ್ದುಂಟು. ವರ್ಣಭೇದದ ಆಳ್ವಿಕೆ ಮುಗಿದ ಮೇಲೆ ದಕ್ಷಿಣ ಆಫ್ರಿಕಾದ ಸತ್ಯ ಮತ್ತು ಸಾಮರಸ್ಯ ಆಯೋಗ 1996ರಲ್ಲಿ ವಿಚಾರಣೆ ಶುರು ಮಾಡಿತು. ಕ್ರೈಸ್ತ ಧರ್ಮಗುರು ಡೆಸ್ಮಂಡ್ ಟುಟು ಅದರ ಅಧ್ಯಕ್ಷರು. ರಾಜಕೀಯ ಕಾರಣಕ್ಕೆ ಅಪರಾಧ ಮಾಡಿದವರು ಶಿಕ್ಷೆಯಿಂದ ವಿನಾಯಿತಿ ಬೇಕೆಂದರೆ ನಡೆದದ್ದನ್ನೆಲ್ಲ ಮುಚ್ಚಿಡದೆ ಹೇಳಬೇಕಿತ್ತು. ಪಶ್ಚಾತ್ತಾಪ ತೋರಿಸಬೇಕೆಂಬ ನಿಯಮವಿರಲಿಲ್ಲ, ಆದರೆ ಸತ್ಯ ಹೇಳಲೇಬೇಕಿತ್ತು. ಈ ಏರ್ಪಾಡನ್ನು ಎಲ್ಲರೂ ಒಪ್ಪಲಿಲ್ಲ. 1977ರಲ್ಲಿ ಪೊಲೀಸರ ವಶದಲ್ಲಿದ್ದಾಗ ಸತ್ತ, ವರ್ಣಭೇದದ ವಿರುದ್ಧದ ಹೋರಾಟಗಾರ ಸ್ಟೀವ್ ಬೀಕೋ ಅವರ ಕುಟುಂಬ ನಮಗೆ ನ್ಯಾಯ ಬೇಕು ಎಂದು ನ್ಯಾಯಾಲಯದ ಮೆಟ್ಟಿಲು ಹತ್ತಿತು. ಅಲ್ಲಿ ಅವರಿಗೆ ಗೆಲುವು ಸಿಗಲಿಲ್ಲ. ಆದರೆ ಬೀಕೋ ಪ್ರಕರಣದ ಪೊಲೀಸರಿಗೆ ಆಯೋಗ 1999ರಲ್ಲಿ ವಿನಾಯಿತಿ ಕೊಡಲಿಲ್ಲ. ಆ ಕುಟುಂಬವನ್ನು ಕಲ್ಲುಹೃದಯದವರು ಎಂದು ಕರೆಯುವ ಹಕ್ಕು ಯಾರಿಗೂ ಇಲ್ಲ. ಹಾಗೆಯೇ ನಿಮ್ಮನ್ನೂ. ನಡೆದದ್ದು ಇಂಥದ್ದು ಎಂದು ನಿಮ್ಮ ತಮ್ಮ ಒಮ್ಮೆ ಬಾಯಿಬಿಟ್ಟು ಹೇಳಬೇಕು ಎಂಬ ನಿಮ್ಮ ಆಸೆ ನ್ಯಾಯವಾದದ್ದು. ಅದನ್ನು ಬಿಟ್ಟುಕೊಡಬೇಡಿ.

ಎರಡನೆಯ ಪ್ರಶ್ನೆ ಕಷ್ಟದ್ದು. ತ್ಯಾಗಕ್ಕೆ ಏನು ಅರ್ಥ ಉಳಿಯಿತು ಎಂದಿರಿ.

ನಾಲ್ಕನೆಯ ಪುಟದಲ್ಲಿ ನೀವೇ ಬರೆದಿದ್ದೀರಿ: ಮನೆ ಕೈತಪ್ಪಿದ ಮೇಲೆ ಹಳೆಯ ಪೆಟ್ಟಿಗೆ ತೆಗೆದು, ತಮ್ಮನ ಕಾಲೇಜು ಶುಲ್ಕದ ರಸೀದಿಗಳನ್ನು ಹುಡುಕಿ, ವರ್ಷವಾರು ಜೋಡಿಸಿ, ಒಂದು ನೋಟ್‌ಬುಕ್ಕಿನಲ್ಲಿ ಒಟ್ಟು ಹಾಕಿದಿರಿ. ಆ ನೋಟ್‌ಬುಕ್ ಈಗಲೂ ನಿಮ್ಮ ತಲೆದಿಂಬಿನ ಪಕ್ಕದ ಮೇಜಿನ ಮೇಲಿದೆ. ಈ ಸಾಲುಗಳ ಬಳಿ ನಾನು ಬಹಳ ಹೊತ್ತು ನಿಂತೆ. ಹತ್ತೊಂಬತ್ತರ ಹುಡುಗ ಆ ಶುಲ್ಕ ಕಟ್ಟುವಾಗ ಲೆಕ್ಕ ಬರೆದಿಟ್ಟಿರಲಿಲ್ಲ. ರಸೀದಿಯನ್ನು ಮಡಚಿ ಪೆಟ್ಟಿಗೆಗೆ ಹಾಕಿ, ಮರುದಿನ ಕೆಲಸಕ್ಕೆ ಹೋಗಿದ್ದ. ಅವನು ಕೊಟ್ಟಿದ್ದ, ಅಷ್ಟೇ. ಮೂವತ್ತೆರಡು ವರ್ಷಗಳ ನಂತರ ಅದನ್ನು ಸಾಲವೆಂದು ಬರೆದುಕೊಂಡವರು ನೀವು. ಕಟುವಾಗಿ ಹೇಳುತ್ತಿದ್ದೇನೆ, ಮನ್ನಿಸಿ. ನಿಮ್ಮ ತಮ್ಮ ಕಸಿದುಕೊಂಡದ್ದು ಮನೆಯನ್ನು. ಆ ಹುಡುಗ ಮಾಡಿದ ತ್ಯಾಗದವರೆಗೆ ಅವರ ಕೈ ಚಾಚಲಾರದು. ಅದು ಅಂದೇ ಸಂಪೂರ್ಣವಾಗಿತ್ತು. ಅದನ್ನು ವಸೂಲಾಗದ ಬಾಕಿಯ ಪಟ್ಟಿಗೆ ಸೇರಿಸಿ, ಈಗ ಅರ್ಥವೇ ಇಲ್ಲವೆನ್ನುತ್ತಿದ್ದೀರಿ.

ಫಲ ಸಿಗದ ತ್ಯಾಗಕ್ಕೆ ಅರ್ಥವಿಲ್ಲ ಎನ್ನುವುದಾದರೆ ವಿಕ್ಟರ್ ಫ್ರಾಂಕಲ್ ಅವರ ಬಗ್ಗೆ ಏನು ಹೇಳೋಣ? ಅವರು ವಿಯೆನ್ನಾದ ಯಹೂದಿ ಮನೋವೈದ್ಯರು. ನಾತ್ಸಿಗಳು ಯಹೂದಿಗಳನ್ನು ಸಾಗಹಾಕುತ್ತಿದ್ದ ದಿನಗಳಲ್ಲಿ ಅವರಿಗೆ ಅಮೆರಿಕದ ವೀಸಾ ಸಿಕ್ಕಿತು. ಹೋದರೆ ಜೀವ ಉಳಿಯುತ್ತದೆ, ಆದರೆ ವಯಸ್ಸಾದ ತಂದೆತಾಯಿಯನ್ನು ಬಿಟ್ಟು ಹೋಗಬೇಕು. ಏನು ಮಾಡುವುದೆಂದು ತೋಚದೆ ಮನೆಗೆ ಬಂದಾಗ ಮೇಜಿನ ಮೇಲೆ ಅಮೃತಶಿಲೆಯ ಒಂದು ಚೂರು ಬಿದ್ದಿತ್ತು. ನಾಶವಾದ ಯಹೂದಿ ಪ್ರಾರ್ಥನಾಮಂದಿರದಿಂದ ಅವರ ತಂದೆ ಎತ್ತಿಕೊಂಡು ಬಂದ ಚೂರು ಅದು. ತಂದೆತಾಯಿಯನ್ನು ಗೌರವಿಸು ಎಂಬ ಕಟ್ಟಳೆಯ ಒಂದು ಅಕ್ಷರ ಅದರ ಮೇಲೆ ಕೆತ್ತಿತ್ತು. ಫ್ರಾಂಕಲ್ ವೀಸಾ ಬಿಟ್ಟರು. 1942ರಲ್ಲಿ ಅವರನ್ನೂ ಹೆಂಡತಿಯನ್ನೂ ತಂದೆತಾಯಿಯನ್ನೂ ಹಿಡಿದು ಥೆರೇಸಿಯನ್‌ಶ್ಟಾಟ್‌ ಎಂಬ ನಾತ್ಸಿ ಸೆರೆಶಿಬಿರಕ್ಕೆ ಸಾಗಿಸಿದರು. ಮರುವರ್ಷ ತಂದೆ ಅಲ್ಲಿಯೇ ತೀರಿಕೊಂಡರು. ಉಸಿರಿಗಾಗಿ ಒದ್ದಾಡುತ್ತಿದ್ದ ತಂದೆಗೆ, ಹೇಗೋ ಅಡಗಿಸಿ ತಂದಿದ್ದ ಮಾರ್ಫಿನ್ ಕೊಟ್ಟು, ಕೊನೆಯ ಸಂಕಟವನ್ನು ತಗ್ಗಿಸಿದವರು ಮಗನೇ. ತಾಯಿಯನ್ನು ಆಶ್ವಿಟ್ಜ್‌ನಲ್ಲಿ ಕೊಂದರು. ಹೆಂಡತಿಯೂ ಮತ್ತೊಂದು ಶಿಬಿರದಲ್ಲಿ ಸತ್ತರು.

ಲೆಕ್ಕ ಹಾಕಿದರೆ ಆ ತ್ಯಾಗದಿಂದ ಯಾರೊಬ್ಬರೂ ಉಳಿಯಲಿಲ್ಲ. ಆದರೆ ಆ ತಂದೆಯ ಕೊನೆಯ ಗಳಿಗೆಯನ್ನು ನೆನೆಯಿರಿ. ಪಕ್ಕದಲ್ಲಿ ಮಗನಿದ್ದ. ವೀಸಾ ಹಿಡಿದು ಹೋಗಿದ್ದರೆ ಇರುತ್ತಿರಲಿಲ್ಲ. ಶಿಬಿರಗಳಿಂದ ಬದುಕಿ ಬಂದ ಮೇಲೆ ಫ್ರಾಂಕಲ್ ಉಳಿದ ಆಯುಷ್ಯವನ್ನೆಲ್ಲ, ‘ಬದುಕಿಗೆ ಏನು ಅರ್ಥ’ ಎಂದು ಕೇಳುತ್ತ ಬಂದ ಜನರ ಜೊತೆ ಕಳೆದರು. ಬದುಕನ್ನು ನಾವು ಪ್ರಶ್ನಿಸುವುದಲ್ಲ, ಬದುಕೇ ನಮ್ಮನ್ನು ಪ್ರಶ್ನಿಸುತ್ತಿದೆ, ನಾವು ಉತ್ತರ ಕೊಡಬೇಕು ಎಂಬುದು ಅವರ ನಿಲುವು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ನಿಮಗೆ ಬಂದ ಪ್ರಶ್ನೆಗೆ ನೀವು ಉತ್ತರ ಕೊಟ್ಟಿದ್ದೀರಿ. ಹೋದ ತಿಂಗಳು ಇನ್ನೊಂದು ಪ್ರಶ್ನೆ ಫೋನಿನಲ್ಲಿ ಬಂತು.

ಅದಕ್ಕೆ ಬರುವ ಮೊದಲು ನನ್ನದೊಂದು ಸಂಗತಿ ಹೇಳಬೇಕು. ಕ್ಷಮಿಸುವವರ ಕುರಿತು ಬೇಕಾದಷ್ಟು ಬರಹಗಳು ಬರುತ್ತವೆ, ಕ್ಷಮೆ ಪಡೆದವರು ಬರೆಯುವುದು ಕಡಿಮೆ. ನಾನು ಪಡೆದವನು.

ಇನ್ನೂ ಸೀಸದ ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲ. ನಾನು ಪತ್ರಿಕೆಯ ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು. ಒಂದು ನಿಧನ ವಾರ್ತೆಯಲ್ಲಿ, ಸತ್ತವರ ಹೆಸರಿನ ಜಾಗದಲ್ಲಿ ಬದುಕಿದ್ದ ಅವರ ತಮ್ಮನ ಹೆಸರು ಅಚ್ಚಾಯಿತು. ತಪ್ಪು ನನ್ನ ಕೈಬರಹದ ಪ್ರತಿಯಲ್ಲೇ ಇತ್ತು. ವಿಚಾರಣೆಯಾದಾಗ ಆ ಪ್ರತಿ ಸಿಗಲಿಲ್ಲ. ಮೊಳೆ ಜೋಡಿಸುತ್ತಿದ್ದ ಹಿರಿಯರೊಬ್ಬರ ಮೇಲೆ ತಪ್ಪು ಬಿತ್ತು, ಆ ವರ್ಷದ ಬಡ್ತಿ ಹೋಯಿತು. ನಾನು ಸುಮ್ಮನಿದ್ದೆ. ಎರಡು ವರ್ಷ ಸುಮ್ಮನಿದ್ದೆ. ಅವರು ದಿನವೂ ‘ಬಂದೆಯಾ’ ಎಂದು ಮಾತನಾಡಿಸುತ್ತಿದ್ದರು. ನನಗೆ ಅವರ ಮುಖ ನೋಡಲಾಗುತ್ತಿರಲಿಲ್ಲ. ಕೊನೆಗೆ ಒಂದು ಸಂಜೆ ಹೋಗಿ ಹೇಳಿದೆ. ಅವರು ಕೈಯಲ್ಲಿದ್ದ ಸಾಲನ್ನು ಜೋಡಿಸಿ ಮುಗಿಸಿದರು. ಮಸಿ ಹಿಡಿದ ಬೆರಳುಗಳನ್ನು ಬಟ್ಟೆಯ ಚೂರಿಗೆ ಒಂದೊಂದಾಗಿ ಒರೆಸಿಕೊಂಡರು. “ಗೊತ್ತಿತ್ತು” ಎಂದರು. “ಪ್ರತಿ ನನ್ನ ಹತ್ತಿರವೇ ಇತ್ತು. ತೋರಿಸಿದ್ದರೆ ನಿನ್ನ ಕೆಲಸ ಹೋಗುತ್ತಿತ್ತು.” ಆಮೇಲೆ ಪಕ್ಕದ ಸ್ಟೂಲನ್ನು ಕಾಲಿನಿಂದ ನನ್ನ ಕಡೆಗೆ ತಳ್ಳಿದರು.

ಅಂದಿನಿಂದ ನನ್ನ ಪ್ರತಿಗಳನ್ನು ಅವರು ಎರಡೆರಡು ಸಲ ನೋಡುತ್ತಿದ್ದರು, ಅನುಮಾನ ಬಂದರೆ ಎಲ್ಲರ ಎದುರಿಗೇ ಕೇಳುತ್ತಿದ್ದರು. ಅವರು ನನ್ನನ್ನು ಕ್ಷಮಿಸಿದ್ದರು, ನನ್ನ ಮೇಲಿನ ನಂಬಿಕೆಯನ್ನು ನಾನು ಮತ್ತೆ ಗಳಿಸಬೇಕಿತ್ತು. ಎರಡೂ ಒಟ್ಟಿಗೆ ಇರಬಲ್ಲವು ಎಂದು ನಾನು ಕಲಿತದ್ದು ಅಲ್ಲಿ. ಅವರ ಪ್ರತಿಫಲವಿಲ್ಲದ ಆ ಕೆಲಸಕ್ಕೆ ಏನು ಅರ್ಥ ಎಂದು ಅವರು ಯಾವತ್ತೂ ಕೇಳಿದ್ದಿಲ್ಲ. ಅದರ ಅರ್ಥ ಇಂದು ನಿಮಗೆ ಉತ್ತರ ಬರೆಯುತ್ತ ಕುಳಿತಿದೆ.

ಅವರು ಎರಡು ವರ್ಷ ‘ಬಂದೆಯಾ’ ಎನ್ನದೆ ಹೋಗಿದ್ದರೆ ನಾನು ಆ ಸಂಜೆ ಹೋಗುತ್ತಿರಲಿಲ್ಲ. ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಆತಂಕ ತಂದದ್ದು ಈ ಸಂಗತಿಯೇ. ತಮ್ಮ ಬರಬಹುದೆಂದು ತಂಗಿಯ ಮನೆಗೆ ಹೋಗುವುದನ್ನು ಬಿಟ್ಟಿದ್ದೀರಿ. ಮನೆಯಲ್ಲಿ ಅವರ ಹೆಸರು ಎತ್ತಬಾರದೆಂಬ ಕಟ್ಟುಪಾಡಿನಿಂದ ಮಕ್ಕಳು ನಿಮ್ಮೊಡನೆ ಅಳೆದು ತೂಗಿ ಮಾತನಾಡುತ್ತಾರೆ. ಒಬ್ಬರ ಮೇಲಿನ ಮುನಿಸು ಎಷ್ಟು ಮನೆಗಳ ಬಾಗಿಲು ಹಾಕಿಸಿತು ನೋಡಿ. ಹಾರ್ವರ್ಡ್ ವಿಶ್ವವಿದ್ಯಾಲಯದವರು 1938ರಲ್ಲಿ ಆರಂಭಿಸಿ ಈ ಶತಮಾನದವರೆಗೂ ಮುಂದುವರಿಸಿದ ಅಧ್ಯಯನವೊಂದಿದೆ. ಹರೆಯದ ಗಂಡಸರನ್ನು ಮುಪ್ಪಿನವರೆಗೆ ಹಿಂಬಾಲಿಸಿ ಅವರು ಕಂಡುಕೊಂಡದ್ದು, ಹತ್ತಿರದವರೊಡನೆ ಬೆಚ್ಚಗಿನ ನಂಟು ಇಟ್ಟುಕೊಂಡವರೇ ಮುಪ್ಪಿನಲ್ಲಿ ಹೆಚ್ಚು ನೆಮ್ಮದಿಯಿಂದ, ಹೆಚ್ಚು ಆರೋಗ್ಯದಿಂದ ಇದ್ದರು ಎಂದು.

ಕ್ಷಮಿಸಲು ನಿರ್ಧರಿಸಿದರೂ ಎದೆ ಕುದಿಯುವುದು ನಿಲ್ಲುವುದಿಲ್ಲ ಎಂದು ಬರೆದಿದ್ದೀರಿ. ನಿಲ್ಲಬೇಕಾಗಿಲ್ಲ. ಎವರೆಟ್ ವರ್ಥಿಂಗ್ಟನ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞರು ಕ್ಷಮೆಯನ್ನೇ ಅಧ್ಯಯನ ಮಾಡುತ್ತಿದ್ದವರು. 1996ರ ಹೊಸ ವರ್ಷದ ಹೊತ್ತಿಗೆ ಮನೆಗೆ ನುಗ್ಗಿದವನೊಬ್ಬ ಅವರ ತಾಯಿಯನ್ನು ಕೊಂದುಹಾಕಿದ. ಅಷ್ಟು ಓದಿದ್ದವರಿಗೂ ಮೊದಲು ಉಕ್ಕಿದ್ದು ಕೊಲ್ಲುವಷ್ಟು ಕೋಪವೇ. ನಿರ್ಧಾರದಲ್ಲಿ ಕ್ಷಮಿಸುವುದು ಬೇರೆ, ಭಾವನೆಯಲ್ಲಿ ಕ್ಷಮಿಸುವುದು ಬೇರೆ ಎನ್ನುತ್ತಾರೆ ಅವರು. ಸೇಡು ಬೇಡ ಎಂದು ಇವತ್ತೇ ನಿರ್ಧರಿಸಬಹುದು. ಮನಸ್ಸು ತನ್ನ ವೇಳೆಗೆ ಹಿಂದೆ ಬರುತ್ತದೆ. ಕೆಲವೊಮ್ಮೆ ತೀರಾ ತಡವಾಗಿ ಬರುತ್ತದೆ.

ಆದ್ದರಿಂದ ತಮ್ಮನ ಮುಂದೆ ಹೋಗಿ ‘ಕ್ಷಮಿಸಿದ್ದೇನೆ’ ಎಂದು ಹೇಳಿ ಎಂದು ನಾನು ಒತ್ತಾಯಿಸುವುದಿಲ್ಲ. ಬಾಯಿಗೆ ಬಾರದ ಮಾತನ್ನು ಆಡಬೇಡಿ. ಭೇಟಿಯಾದರೆ ಮನೆಯ ವಿಚಾರವನ್ನು ಎತ್ತಿಯೇ ಮಾತನಾಡಿ. ಅದನ್ನು ನುಂಗಿಕೊಂಡು ಕುಶಲ ಕೇಳಿ ಬಂದರೆ ಆ ಮಾತು ನಿಮ್ಮಲ್ಲೇ ಕೊಳೆಯುತ್ತದೆ. ಅವರು ಒಪ್ಪಿಕೊಳ್ಳಬಹುದು, ಒಪ್ಪಿಕೊಳ್ಳದೆಯೂ ಇರಬಹುದು. ಅದು ಅವರ ಪಾಲಿನ ಉತ್ತರ.

ಆದರೆ ಆ ಹುಡುಗಿ. ಸಹಿ ಹಾಕಿಸಿಕೊಂಡ ದಿನ ಅವಳು ಶಾಲೆಯಲ್ಲಿದ್ದಳು. ನಿಮ್ಮ ನೋಟ್‌ಬುಕ್ಕಿನಲ್ಲಿ ಅವಳ ಹೆಸರಿನಲ್ಲಿ ಯಾವ ಬಾಕಿಯೂ ಇಲ್ಲ. ಹನ್ನೊಂದು ವರ್ಷಗಳಾದ ಮೇಲೂ ನಿಮ್ಮನ್ನು ‘ದೊಡ್ಡಪ್ಪ’ ಎಂದಳು, ಆ ಪದವನ್ನು ಅವಳಿಗೆ ಯಾರೋ ಆ ಮನೆಯಲ್ಲಿ ಉಳಿಸಿಕೊಟ್ಟಿದ್ದಾರೆ. ಅವಳಿಗೆ ಒಂದು ಫೋನ್ ಮಾಡಿ. ಅಂದು ಮಾತನಾಡದೆ ಇಟ್ಟದ್ದಕ್ಕೆ ಬೇಸರವಾಯಿತು ಎನ್ನಿ. ಅಪ್ಪನಿಗೆ ಹೇಗಿದೆ ಎಂದು ಕೇಳಿ. ಮುಂದಿನದು ಮುಂದೆ. ತಮ್ಮನ ನಂಬರನ್ನು ಎಂದೋ ಅಳಿಸಿ ಹಾಕಿದ್ದೀರಿ, ಇವಳದ್ದು ಮಾತ್ರ ಮೊಬೈಲಿನಲ್ಲಿ ಹಾಗೆಯೇ ಇದೆ ಎಂದು ಪತ್ರದ ಕೊನೆಯ ಸಾಲಿನಲ್ಲಿ ಬರೆದಿದ್ದೀರಿ.

ನಿಮ್ಮ
ಸಂಪಾದಕ