ಕ್ಯಾಶುವಾಲ್ಟಿಯ ಗದ್ದಲ ಶುರುವಾಗುವುದು ವಾರ್ಡಿನಲ್ಲಿ

ಶನಿವಾರಸಂತೆ ಕಡೆಯ ಓದುಗರೊಬ್ಬರ ಪತ್ರದ ಸಾರ ಇದು. ಭಾನುವಾರ ರಾತ್ರಿ ಅವರ ಅತ್ತೆಗೆ ಉಸಿರಾಟದ ತೊಂದರೆ ಆಯಿತು. ಜಿಲ್ಲೆಯ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಡ್ಮಿಟ್ ಅಂತ ಬರೆದರೂ ಬೆಳಗಿನವರೆಗೆ ಟ್ರಾಲಿಯ ಮೇಲೆಯೇ ಇರಬೇಕಾಯಿತು. ‘ನೆಗಡಿ ಜ್ವರದವರು, ಹೋಂ ಸ್ಟೇಗೆ ಬಂದು ಹೊಟ್ಟೆ ಕೆಡಿಸಿಕೊಂಡವರು ಎಲ್ಲರೂ ಅಲ್ಲೇ ಮುತ್ತಿಕೊಂಡಿದ್ದರು. ಇಂಥವರನ್ನು ಬಾಗಿಲಲ್ಲೇ ತಡೆಯಬೇಕು ಅಂತ ನೀವು ಯಾಕೆ ಬರೆಯಬಾರದು?’ ಎಂದು ಕೇಳಿದ್ದಾರೆ.

ಪ್ರಿಯ ಸೋದರಿ,

ಅತ್ತೆ ಈಗ ಮನೆಯಲ್ಲಿ ಓಡಾಡಿಕೊಂಡಿದ್ದಾರೆ ಎಂಬ ನಿಮ್ಮ ಕೊನೆಯ ಸಾಲು ಓದಿದ ಮೇಲೆಯೇ ನನಗೆ ಸಮಾಧಾನವಾದದ್ದು. ನಿಮ್ಮ ಸಿಟ್ಟಿನಲ್ಲಿ ನ್ಯಾಯವಿದೆ. ಆದರೆ ಆ ಸಿಟ್ಟು ಬೆಂಚಿನ ಮೇಲೆ ಕೂತವರ ಮೇಲೆ ಹೋಗಬಾರದು ಅಂತ ನನಗೆ ಅನ್ನಿಸುತ್ತದೆ. ಯಾಕೆ ಅಂತ ಹೇಳುತ್ತೇನೆ.

ನೆಗಡಿಯವರಿಗೆ ಮಂಚ ಬೇಡ, ಆಕ್ಸಿಜನ್ ಬೇಡ. ಡ್ಯೂಟಿ ಡಾಕ್ಟರ್ ಐದು ನಿಮಿಷ ನೋಡಿ ಮಾತ್ರೆ ಬರೆದರೆ ಮುಗಿಯಿತು. ಕೆನಡಾದ ಒಂಟಾರಿಯೊದಲ್ಲಿ 110 ತುರ್ತು ಚಿಕಿತ್ಸಾ ಘಟಕಗಳ ಲೆಕ್ಕ ಹಿಡಿದು ನೋಡಿದ್ದರು. ಅದು ಪ್ರಕಟವಾದದ್ದು 2007ರಲ್ಲಿ. ಎಂಟು ಗಂಟೆಯಲ್ಲಿ ಇಂಥ ಸಣ್ಣ ಕಾಯಿಲೆಯವರು ಹತ್ತು ಜನ ಜಾಸ್ತಿ ಬಂದರೆ, ಹೆಚ್ಚು ಕಾಯಿಲೆ ಇರುವವರು ಅಲ್ಲಿ ಕಳೆಯುವ ಹೊತ್ತು ಸರಾಸರಿ 5.4 ನಿಮಿಷ ಹೆಚ್ಚುತ್ತದೆ, ಅಷ್ಟೇ. ನಿಮ್ಮ ಅತ್ತೆ ಕಾದದ್ದು ಇಡೀ ರಾತ್ರಿ.

ಹಾಗಾದರೆ ಅಡ್ಡ ನಿಂತದ್ದು ಏನು? ನಿಮ್ಮ ಪತ್ರದಲ್ಲೇ ಉತ್ತರ ಇದೆ. ‘ವಾರ್ಡಿನಲ್ಲಿ ಬೆಡ್ ಖಾಲಿ ಇಲ್ಲ’ ಅಂದರಲ್ವಾ? ಅಡ್ಮಿಟ್ ಆದವರು ವಾರ್ಡಿಗೆ ಹೋಗಲು ಆಗುವುದಿಲ್ಲ, ಹಾಗಾಗಿ ಹೊಸಬರಿಗೆ ಟ್ರಾಲಿ ಇಲ್ಲ. ಒಬ್ಬಳೇ ನರ್ಸ್ ಹೊಸಬರನ್ನೂ ನೋಡಬೇಕು, ವಾರ್ಡಿಗೆ ಹೋಗಬೇಕಾದವರಿಗೆ ಹೊತ್ತುಹೊತ್ತಿಗೆ ಇಂಜೆಕ್ಷನ್ನನ್ನೂ ಕೊಡಬೇಕು. ಇದು ಬರೀ ಅನುಕೂಲದ ಮಾತಲ್ಲ. 2022ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಅಧ್ಯಯನವೊಂದು ಹೇಳುವ ಪ್ರಕಾರ, ವಾರ್ಡಿಗೆ ಹೋಗಲು ಆರರಿಂದ ಎಂಟು ಗಂಟೆಗಿಂತ ಹೆಚ್ಚು ಕಾದ ಪ್ರತಿ 82 ರೋಗಿಗಳಿಗೆ ಒಂದು ಸಾವು ಹೆಚ್ಚಾಗುತ್ತದೆ.

ಈಗ ವಾರ್ಡಿನ ಒಂದು ಮಂಚ ನೋಡೋಣ. ಬೆಳಿಗ್ಗೆ ರೌಂಡ್ಸ್‌ಗೆ ಬಂದ ಡಾಕ್ಟರ್ ‘ಇವತ್ತು ಮನೆಗೆ ಹೋಗಬಹುದು’ ಅನ್ನುತ್ತಾರೆ. ಡಿಸ್ಚಾರ್ಜ್ ಕಾಗದ ಬರೆಯಬೇಕಾದ ಕಿರಿಯ ಡಾಕ್ಟರ್ ಇನ್ನೊಂದು ಕೇಸಿನಲ್ಲಿ ಇರುತ್ತಾರೆ. ಕಾಗದ ಆಗುವಾಗ ಮಧ್ಯಾಹ್ನ. ಆಮೇಲೆ ಔಷಧಿ, ಸರ್ಕಾರಿ ಚಿಕಿತ್ಸಾ ಯೋಜನೆಯ ಕಾಗದಪತ್ರ. ಅಷ್ಟು ಹೊತ್ತಿಗೆ ಊರಿನ ಬಸ್ ಹೋಗಿರುತ್ತದೆ. ತೋಟದ ಕಾರ್ಮಿಕರ ಲೈನ್ ಮನೆಯವರಾದರೆ ತೋಟದ ಜೀಪಿಗೆ ಕಾಯಬೇಕು, ಅದು ಸಂಜೆ ಕೆಲಸ ಬಿಟ್ಟ ಮೇಲೆ ಬರುತ್ತದೆ. ಗುಣವಾದ ಆ ಮನುಷ್ಯ ಬ್ಯಾಗ್ ಕಟ್ಟಿಕೊಂಡು ಸುಮ್ನೆ ಮಂಚದ ಮೇಲೆ ಕೂತಿರುತ್ತಾನೆ. ಕೆಳಗೆ ನಿಮ್ಮ ಅತ್ತೆಯಂಥವರು ಟ್ರಾಲಿಯ ಮೇಲೆ ಏದುಸಿರು ಬಿಡುತ್ತಿರುತ್ತಾರೆ. ಭಾನುವಾರ ರೌಂಡ್ಸ್ ತಡವಾದರೆ, ಕಾಗದ ಬರೆಯುವವರು ರಜೆಯಲ್ಲಿದ್ದರೆ, ಆ ಮಂಚ ಸೋಮವಾರದವರೆಗೂ ಖಾಲಿಯಾಗುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ ಇದರ ಜೊತೆಗೆ ದೂರವೂ ಸೇರಿಕೊಳ್ಳುತ್ತದೆ. ಕೊಡಗಿಗೆ ರೈಲಿಲ್ಲ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್. ಮಂಗಳೂರಿಗೆ ಘಾಟಿ ಇಳಿಯಬೇಕು, 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ಸಂಪಾಜೆ ರಸ್ತೆಯೇ ಮುಚ್ಚಿತ್ತು. ‘ಮೈಸೂರಿಗೆ ಬರೆದುಕೊಟ್ಟಿದ್ದಾರೆ’ ಅನ್ನುವ ರೋಗಿ ಆಂಬುಲೆನ್ಸ್ ಬರುವ ತನಕ ಅದೇ ಟ್ರಾಲಿಯಲ್ಲಿ ಇರುತ್ತಾನೆ. 2011ರ ಜನಗಣತಿಯಲ್ಲಿ ಇಲ್ಲಿಯ ಜನ 5.54 ಲಕ್ಷ. ಶನಿವಾರ ಭಾನುವಾರ ಬರುವ ಪ್ರವಾಸಿಗರು ಈ ಲೆಕ್ಕದಲ್ಲಿ ಇಲ್ಲ. ಆದರೆ ಅವರ ಬೈಕ್ ಜಾರಿದರೂ ಬರುವುದು ಇದೇ ಕ್ಯಾಶುವಾಲ್ಟಿಗೆ.

ಗದ್ದಲದಲ್ಲಿ ಏನು ಕೆಡುತ್ತದೆ ಅನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ತೋಟದಲ್ಲಿ ಕೊಳಕುಮಂಡಲ ಹಾವು ಕಚ್ಚಿದವರ ರಕ್ತವನ್ನು ಸ್ವಲ್ಪ ತೆಗೆದು, ಒಣಗಿದ ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲುಗಿಸದೆ ಇಡುತ್ತಾರೆ. ಆಮೇಲೆ ಓರೆ ಮಾಡಿ ನೋಡಬೇಕು. ಹೆಪ್ಪುಗಟ್ಟದೆ ಹರಿದರೆ ವಿಷ ಏರಿದೆ, ವಿಷನಿರೋಧಕ ಬೇಕು ಅಂತ ಅರ್ಥ. ಇದಕ್ಕೆ ದೊಡ್ಡ ಯಂತ್ರ ಬೇಡ. ಗಡಿಯಾರ ನೋಡಿಕೊಂಡು ಇರುವ ಒಬ್ಬರು ಬೇಕು. ತುಂಬಿ ತುಳುಕುವ ಕೋಣೆಯಲ್ಲಿ ಆ ಒಬ್ಬರೇ ಸಿಗುವುದಿಲ್ಲ.

ಬಾಗಿಲಲ್ಲಿ ತಡೆಯುವುದು ನನಗೆ ಭಯ ಹುಟ್ಟಿಸುವ ಮಾತು. ‘ಗ್ಯಾಸ್ಟ್ರಿಕ್ ಇರಬೇಕು’ ಅಂದುಕೊಂಡು ಬಂದವರಲ್ಲಿ ಹೃದಯಾಘಾತ ಆದವರೂ ಇರುತ್ತಾರೆ. ಬಂದವರ ನಾಡಿ, ಉಸಿರು, ಬಿಪಿ, ಆಕ್ಸಿಜನ್ ಮಟ್ಟವನ್ನು ಮೊದಲ ನಿಮಿಷಗಳಲ್ಲೇ ನೋಡಿ ಕೆಂಪು, ಹಳದಿ, ಹಸಿರು ಎಂದು ಬೇರ್ಪಡಿಸುವುದು ಸರಿಯಾದ ದಾರಿ. ಹಸಿರಿನವರು ಕಾಯಲಿ, ಆದರೆ ಒಳಗೆ ಕಾಯಲಿ. ಇನ್ನೊಂದು ಮಾತು. ರಾತ್ರಿ ಎಂಟಕ್ಕೆ ಮಗುವಿಗೆ ಜ್ವರ ಏರಿದರೆ ತಾಯಿ ಎಲ್ಲಿಗೆ ಹೋಗಬೇಕು? ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಬಹಳ ಕಡೆ ಸಂಜೆಯ ಮೇಲೆ ಡಾಕ್ಟರ್ ಸಿಗುವುದಿಲ್ಲ.

ಬೆಡ್ ಇಲ್ಲ ಎಂಬುದು ಕಾನೂನಿನ ಮುಂದೆಯೂ ನಿಲ್ಲುವ ಉತ್ತರವಲ್ಲ. ಪಶ್ಚಿಮ ಬಂಗಾಳದಲ್ಲಿ 1992ರಲ್ಲಿ ರೈಲಿನಿಂದ ಬಿದ್ದ ಕೂಲಿಕಾರನೊಬ್ಬನನ್ನು ಒಂದಾದ ಮೇಲೊಂದು ಸರ್ಕಾರಿ ಆಸ್ಪತ್ರೆ ಸೇರಿಸಿಕೊಳ್ಳದೆ ಕಳಿಸಿದ್ದವು. ಸಕಾಲಕ್ಕೆ ಚಿಕಿತ್ಸೆ ಕೊಡದಿರುವುದು ಬದುಕುವ ಹಕ್ಕಿನ ಉಲ್ಲಂಘನೆ ಎಂದು 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹಣದ ಕೊರತೆಯ ನೆಪವನ್ನೂ ಒಪ್ಪಲಿಲ್ಲ.

ಆದ್ದರಿಂದ ನಾನು ಬರೆಯುವುದಾದರೆ ಹೀಗೆ ಬರೆಯುತ್ತೇನೆ: ಮನೆಗೆ ಕಳಿಸುವವರ ಕಾಗದ ಹಿಂದಿನ ಸಂಜೆಯೇ ಸಿದ್ಧವಾಗಲಿ. ಜೀಪಿಗೆ ಕಾಯುವವರಿಗೆ ಕೂರಲು ಒಂದು ಕೋಣೆ ಕೊಟ್ಟು ಮಂಚ ಬಿಡಿಸಲಿ. ಭಾನುವಾರವೂ ಡಿಸ್ಚಾರ್ಜ್ ನಡೆಯಲಿ. ಇದಕ್ಕೆ ಹೊಸ ಕಟ್ಟಡ ಬೇಡ. ಸರ್ಕಾರಿ ಆಸ್ಪತ್ರೆಗಳಲ್ಲಿ ಆಸ್ಪತ್ರೆಯ ಆಗುಹೋಗು ನೋಡುವ ಆರೋಗ್ಯ ರಕ್ಷಾ ಸಮಿತಿ ಎಂಬುದು ಇದೆ, ಈ ಮೂರನ್ನೂ ನೀವು ಅಲ್ಲಿ ಬರಹದಲ್ಲಿ ಕೇಳಬಹುದು.

ಇತ್ತೀಚೆಗೆ ನಮ್ಮ ಜಿಲ್ಲೆಯ ಆಸ್ಪತ್ರೆಯಲ್ಲಿ ಇದ್ದು ಬಂದ ಓದುಗರು ಎರಡು ಸಮಯ ಬರೆದು ಕಳಿಸಿ: ‘ಮನೆಗೆ ಹೋಗಬಹುದು’ ಅಂದದ್ದು ಎಷ್ಟು ಗಂಟೆಗೆ, ಮಂಚ ಬಿಟ್ಟು ಹೊರಟದ್ದು ಎಷ್ಟು ಗಂಟೆಗೆ. ನಿಮ್ಮ ಹೆಸರು, ಆಸ್ಪತ್ರೆಯ ಹೆಸರು ಹಾಕುವುದಿಲ್ಲ. ಬಂದಷ್ಟನ್ನೂ ಸೋದರಿಯ ಪತ್ರದ ಜೊತೆ ಜಿಲ್ಲಾಡಳಿತಕ್ಕೆ ತಲುಪಿಸುತ್ತೇವೆ.

– ಸಂಪಾದಕ