ಲೇತ್ ಕಲಿಯದೆ ನೇರ ಸಿಎನ್‌ಸಿಗೆ ಹೋಗಬಹುದಾ?

ನಿಮ್ಮ ತಮ್ಮ ಎಸ್ಸೆಸ್ಸೆಲ್ಸಿ ಮುಗಿಸಿದ್ದಾನೆ, ಎರಡು ವರ್ಷ ಐಟಿಐ ಯಾಕೆ, ಮೂರು ತಿಂಗಳ ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಕತ್ತರಿಸುವ ಯಂತ್ರ) ಕೋರ್ಸ್ ಸಾಲದೇ ಅಂತ ಕೇಳಿದ್ದೀರಿ. ಸಾಲದು ಸರ್. ನಾನೂ ಹಾಗೇ ಅವಸರ ಮಾಡಿದವನು. ಹುಬ್ಬಳ್ಳಿಯ ಗೋಕುಲ ರಸ್ತೆಯ ಸಣ್ಣ ವರ್ಕ್‌ಶಾಪೊಂದರಲ್ಲಿ ಸುಮ್ನೆ ಬಟನ್ ಒತ್ತುತ್ತಾ ನಿಂತಿದ್ದೆ. ಟೂಲ್ ಯಾಕೆ ಮುರಿಯಿತು ಅಂತಲೇ ತಿಳಿಯುತ್ತಿರಲಿಲ್ಲ. ಬೈಗುಳ ಮಾತ್ರ ತಿಳಿಯುತ್ತಿತ್ತು!

ಆಮೇಲೆ ಐಟಿಐ ಟರ್ನರ್ ಸೇರಿದೆ, ಅಂದರೆ ಲೋಹದ ತುಂಡನ್ನು ತಿರುಗಿಸುತ್ತಾ ಕತ್ತರಿಸುವ ಲೇತ್ ಯಂತ್ರದ ಕೆಲಸ. ಮೊದಲು ಕೈ ಬೊಬ್ಬೆ ಬರುವಷ್ಟು ಫೈಲಿಂಗ್, ಅಂದರೆ ಅರದಿಂದ ಲೋಹ ಉಜ್ಜುವುದು. ಬೇಜಾರಿನ ಕೆಲಸ, ಆದರೆ ಮೈಕ್ರೋಮೀಟರಿನ 0.01 ಮಿ.ಮೀ. ಅಂದರೆ ಎಷ್ಟು ಅಂತ ಕೈಗೆ ಗೊತ್ತಾಗಿದ್ದು ಆಗಲೇ. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲಿನಲ್ಲಿ ಉಕ್ಕು ಕತ್ತರಿಸುವಾಗ ಚಿಪ್ಸ್ (ಕತ್ತರಿಸಿ ಬೀಳುವ ಲೋಹದ ಚೂರು) ನೀಲಿಗೆ ತಿರುಗಿದರೆ ಸ್ಪೀಡ್ ಜಾಸ್ತಿಯಾಯಿತು ಅಂತ ಲೇತ್ ಮುಂದೆ ನಿಂತವರಿಗೆ ಗೊತ್ತು. ಸಿಎನ್‌ಸಿಯಲ್ಲಿ ಬಾಗಿಲು ಮುಚ್ಚಿರುತ್ತದೆ, ಅಲ್ವಾ? ಆಗ ಸದ್ದಿನಲ್ಲೇ ಗುರುತಿಸಬೇಕು.

ಗಣಿತ ಚೆನ್ನಾಗಿದ್ದರೆ ಹುಬ್ಬಳ್ಳಿಯ ಜಿಟಿಟಿಸಿಯ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಟೂಲ್ ಆಂಡ್ ಡೈ (ಉಪಕರಣ, ಅಚ್ಚು ತಯಾರಿಕೆ) ಡಿಪ್ಲೊಮಾ ನೋಡಿ. ಮೂರು ವರ್ಷ ಓದು, ಒಂದು ವರ್ಷ ಕಾರ್ಖಾನೆಯಲ್ಲಿ ತರಬೇತಿ. ಬೇಗ ದುಡಿಯಬೇಕೆಂದರೆ ಐಟಿಐ ಮಷಿನಿಸ್ಟ್ ಅಥವಾ ಟರ್ನರ್ ಸಾಕು. ಐಟಿಐ ಆದಮೇಲೂ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಸೇರಬಹುದು.

ಎಲ್ಲೇ ಸೇರಿಸಿ, ಮೊದಲು ಅಲ್ಲಿನ ವರ್ಕ್‌ಶಾಪ್ ನೋಡಿ ಬನ್ನಿ. ಲೇತ್ ಕೆಳಗೆ ಚಿಪ್ಸೇ ಬಿದ್ದಿಲ್ಲವೆಂದರೆ ಹುಡುಗರಿಗೆ ಮಷಿನ್ ಮುಟ್ಟಲು ಕೊಡುವುದಿಲ್ಲ ಅಂತಲೇ ಲೆಕ್ಕ.