ಏಳನೇ ಪುಟದ ಅಜ್ಜಿ ಬಗ್ಗೆ

ನಮಸ್ಕಾರ. ನೀವು ಕಳಿಸಿದ ‘ಜಲವೇ ದೈವ’ ಲೇಖನ ಎರಡು ಸಲ ಓದಿದೆ, ಒಂದ್ಸಲ ಆಫೀಸಲ್ಲಿ, ಇನ್ನೊಂದ್ಸಲ ಮೆಟ್ರೋದಲ್ಲಿ ನಿಂತ್ಕೊಂಡು. ಸುತ್ತಿ ಬಳಸಿ ಹೇಳಲ್ಲ, ಈಗಿರೋ ಹಾಗೆ ಹಾಕಕ್ಕಾಗಲ್ಲ. ಆದ್ರೆ ಬಿಸಾಕೋ ಲೇಖನ ಅಲ್ಲ, ಅದಕ್ಕೇ ಇಷ್ಟುದ್ದ ಬರೀತಿರೋದು.

ಮೊದಲನೇ ಪುಟದಲ್ಲೇ ಬಸವಣ್ಣನವರ ‘ನೀರ ಕಂಡಲ್ಲಿ ಮುಳುಗುವರಯ್ಯಾ’ ಸಾಲು ಹಾಕಿ, ನೋಡಿ ನಮ್ಮ ಶರಣರಿಗೆ ನೀರಿನ ಮೇಲೆ ಎಂಥಾ ಭಕ್ತಿ ಅಂತ ಬರ್ದಿದೀರ. ಅಯ್ಯೋ, ಅವರು ಬೈತಿರೋದು ಸ್ವಾಮಿ! ಮುಂದಿನದು ‘ಮರನ ಕಂಡಲ್ಲಿ ಸುತ್ತುವರಯ್ಯಾ’, ಆಮೇಲೆ ಬತ್ತೋ ನೀರನ್ನ, ಒಣಗೋ ಮರನ ಮೆಚ್ಕೊಂಡೋರಿಗೆ ನೀನೆಲ್ಲಿ ಗೊತ್ತಾಗ್ತೀಯ ಅಂತ ದೇವರಿಗೇ ಹೇಳ್ತಾರೆ. ಅದೂ ಹೇಳ್ತಿರೋದು ಯಾರು, ಕೃಷ್ಣೆ ಮಲಪ್ರಭೆ ಕೂಡೋ ಊರಲ್ಲಿ ಓದಿ ಬೆಳೆದೋರು, ಕರೆಯೋ ದೇವರ ಹೆಸರಲ್ಲೇ ಸಂಗಮ ಇಟ್ಕೊಂಡೋರು. ನೀರಿನ ಹೆಸರಲ್ಲೇ ದೇವರನ್ನ ಕರೆದು ನೀರಿಗೆ ಬೀಳೋರನ್ನ ಬೈಯೋದು, ಈ ಜಗ್ಗಾಟ ಇದ್ಯಲ್ಲ, ನಿಮ್ಮ ಲೇಖನ ಶುರುವಾಗ್ಬೇಕಿದ್ದೇ ಅಲ್ಲಿಂದ. ನೀವು ವಾಟ್ಸಾಪಲ್ಲಿ ಬಂದ ಅರ್ಧ ವಚನ ಅಂಟಿಸಿ ಮುಂದೆ ಹೋಗ್ಬಿಟ್ಟಿದೀರ.

‘ಗದಾಯುದ್ಧ’ ಬರೆದ ರನ್ನನಿಗೂ ಅದೇ ಗತಿ. ದುರ್ಯೋಧನ ವೈಶಂಪಾಯನ ಸರೋವರಕ್ಕೆ ‘ಪಾಪ ತೊಳೆಯಲು’ ಇಳಿದ ಅಂತ ಎಲ್ಲಿ ಓದಿದ್ರಿ? ಅವನು ಬಚ್ಚಿಟ್ಕೊಂಡಿದ್ದು. ಭೀಮ ದಡದಲ್ಲಿ ನಿಂತು ಅಬ್ಬರಿಸಿದಾಗ ರನ್ನ ಹೇಳೋದು ‘ನೀರೊಳಗಿರ್ದುಂ ಬೆಮರ್ತನುರಗಪತಾಕಂ’, ಅಂದ್ರೆ ಹಾವಿನ ಬಾವುಟದ ದುರ್ಯೋಧನ ನೀರೊಳಗೆ ಕೂತಿದ್ರೂ ಬೆವರಿದ. ಸಾವಿರ ವರ್ಷದ ಹಳೇ ಸಾಲು, ಇವತ್ತಿಗೂ ಅದನ್ನ ಮೀರಿಸೋದು ಕಷ್ಟ. ಇನ್ನು ‘ತೀರ್ಥ’ ಅಂದ್ರೆ ಪವಿತ್ರ ನೀರು ಅಂತ ಒಂದೇ ಮಾತಲ್ಲಿ ಮುಗಿಸಿದೀರ, ನಿಘಂಟು ತೆಗೆದು ನೋಡಿದ್ರೆ ಹೊಳೆ ದಾಟೋ ಜಾಗ ಅನ್ನೋ ಅರ್ಥಾನೂ ಸಿಗ್ತಿತ್ತು. ರನ್ನ ಜೈನ, ಅವನ ತೀರ್ಥಂಕರರು ದಾಟೋಕೆ ದಾರಿ ಮಾಡ್ಕೊಡೋರು, ಅವರ ‘ತೀರ್ಥ’ ಚಮಚದಲ್ಲಿ ಕೊಡೋದಲ್ಲ.

ಬೆಂಗಳೂರು ಕರಗದ ಪ್ಯಾರಾ ಪರವಾಗಿಲ್ಲ, ಆದ್ರೆ ‘ಕೆರೆಯ ದಡದಲ್ಲಿ’ ಅಂತೀರ, ಯಾವ ಕೆರೆ? ಸಂಪಂಗಿ ಕೆರೆ ಹೋಗಿ ಕಂಠೀರವ ಸ್ಟೇಡಿಯಂ ಆಗಿದೆ, ಉಳಿದಿರೋದು ಒಂದು ಮೂಲೇಲಿ ಸಣ್ಣ ಹೊಂಡ, ಅದೂ ಉಳಿದಿರೋದು ಕರಗದ ಪೂಜೆಗೆ ಬೇಕು ಅಂತ. ನಂಬಿಕೆ ನೀರನ್ನ ಎಷ್ಟು ಉಳಿಸುತ್ತೆ, ಎಷ್ಟು ಕೈಬಿಡುತ್ತೆ ಅನ್ನೋಕೆ ಇದಕ್ಕಿಂತ ಉದಾಹರಣೆ ಬೇಕಾ? ನೀವು ಮೆಜೆಸ್ಟಿಕ್‌ನಲ್ಲಿ ಬಸ್ಸಿಗೆ ನಿಲ್ಲೋ ಜಾಗಾನೂ ಧರ್ಮಾಂಬುಧಿ ಕೆರೇನೇ. ಲೇಖನದಲ್ಲಿ ಗಂಗೆ ಯಮುನೆ ನೈಲ್ ಎಲ್ಲಾ ಹರೀತಾವೆ, ಊರಿನ ಕೆರೆಗೆ ಮಾತ್ರ ಹೆಸರಿಲ್ಲ!

ಈಗ ಏಳನೇ ಪುಟ. ರಾತ್ರಿ ಎರಡಕ್ಕೆ ಕಾವೇರಿ ನೀರು ಬಂದ ಸದ್ದಿಗೆ ನಿಮ್ಮಜ್ಜಿ ಎದ್ದು, ನಲ್ಲಿಗೆ ‘ಬಂದ್ಯಾ ತಾಯಿ’ ಅಂದು, ಮೊದಲ ಚೊಂಬು ತುಳಸಿಗೆ ಹಾಕಿ, ಆಮೇಲೆ ಸಂಪಿನ ಮುಚ್ಚಳ ತೆಗೀತಾರೆ. ನಾನು ಅಲ್ಲಿ ಪೆನ್ನು ಕೆಳಗಿಟ್ಟೆ. ಸುಮಾರು 100 ಕಿಲೋಮೀಟರ್ ದೂರದಿಂದ ಪಂಪಲ್ಲಿ ಹತ್ತಿಸ್ಕೊಂಡು ಬಂದಿರೋ ನೀರು, ಮೀಟರ್ ಓಡ್ತಿದೆ, ತಿಂಗಳಾದ್ರೆ ಬಿಲ್ಲು ಬರುತ್ತೆ, ಆದ್ರೂ ಅಜ್ಜಿಗೆ ತಾಯಿ. ನೀವು ಅದನ್ನ ‘ಮುಗ್ಧ ನಂಬಿಕೆ’ ಅಂತ ಎರಡೇ ಪದದಲ್ಲಿ ಮುಗಿಸಿ ಮತ್ತೆ ವೇದಕ್ಕೆ ಓಡಿದೀರ. ಬಸವಣ್ಣನವರನ್ನ ಅಜ್ಜಿ ಎದುರಿಗೆ ಕೂರಿಸಿ ನೋಡಿ, ಯಾರನ್ನೂ ಗೆಲ್ಲಿಸ್ಬೇಡಿ.

ಹನ್ನೊಂದು ಪುಟ ನಾಲ್ಕಾಗ್ಲಿ. ‘ಜೀವಜಲ’ ಅನ್ನೋ ಪದ ಎಣಿಸಿದೆ, ಹದಿನಾಲ್ಕು ಸಲ ಇದೆ, ಎಲ್ಲಾ ತೆಗೀರಿ. ವಚನಾನ ಪುಸ್ತಕದಲ್ಲಿ ಪೂರ್ತಿ ನೋಡಿ ಹಾಕಿ. ಮತ್ತೆ ನೀರು ತಡವಾದ ದಿನ ಅಜ್ಜಿ ವಾಟರ್‌ಮ್ಯಾನ್‌ಗೆ ‘ಏನೋ ಅಂದರು’ ಅಂತ ಬರ್ದು ಬಿಟ್ಟಿದೀರಲ್ಲ, ಏನಂದ್ರು ಅಂತ ಕೇಳಿ ಬರೀರಿ.